ಗುರುಗ್ರಹದ ರೇಡಿಯೋ ಸದ್ದು: ಏರಿಳಿತ ಯಾರದು?

1955ರಲ್ಲಿ ಬರ್ನಾರ್ಡ್ ಬರ್ಕ್ ಮತ್ತು ಕೆನೆತ್ ಫ್ರಾಂಕ್ಲಿನ್ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ, 22.2 ಮೆಗಾಹರ್ಟ್ಸ್‌ನಲ್ಲಿ ಗುರುಗ್ರಹದ ರೇಡಿಯೋ ಅಬ್ಬರವನ್ನು ಗುರುತಿಸಿದರು. ಕೆಲವೇ ವರ್ಷಗಳಲ್ಲಿ ಒಂದು ಅಂದವಾದ ತೀರ್ಮಾನ ಚಾಲ್ತಿಗೆ ಬಂತು: ಸೂರ್ಯನ ಕಲೆಗಳು ಹೆಚ್ಚಿದಾಗ ಗುರು ಸುಮ್ಮನಾಗುತ್ತದೆ, ಕಲೆಗಳು ಇಳಿದಾಗ ಗದ್ದಲವೆಬ್ಬಿಸುತ್ತದೆ. ಅಂಕಿಗಳೂ ಹಾಗೇ ಇದ್ದವು. ಆದರೆ ಸೌರಚಕ್ರದ ಅವಧಿ ಸುಮಾರು 11 ವರ್ಷ, ಗುರುವಿನ ಪರಿಭ್ರಮಣೆಗೆ 11.86 ವರ್ಷ. ಒಂದು ಸುತ್ತಿನೊಳಗಿನ ದಾಖಲೆಯಿಂದ ಇವೆರಡನ್ನು ಬೇರ್ಪಡಿಸುವುದು ಯಾರಿಂದಲೂ ಆಗದ ಮಾತು.

ಫ್ಲಾರಿಡಾ ವಿಶ್ವವಿದ್ಯಾಲಯದವರು 1957ರಿಂದ ಬಿಡದೆ ಆಲಿಸಿದ್ದರಿಂದ ಈ ಗಂಟು ಸಡಿಲವಾಯಿತು. ಗುರುವಿನ ಅಕ್ಷ ಸುಮಾರು 3 ಡಿಗ್ರಿ ವಾಲಿದೆ. ಹಾಗಾಗಿ ಅಲ್ಲಿಂದ ನೋಡಿದರೆ ಭೂಮಿ ಕೆಲ ವರ್ಷ ಅದರ ಸಮಭಾಜಕದ ಉತ್ತರಕ್ಕೆ, ಕೆಲ ವರ್ಷ ದಕ್ಷಿಣಕ್ಕೆ ಸರಿದಿರುತ್ತದೆ. ರೇಡಿಯೋ ಅಲೆಗಳು ತೆಳುಗೋಡೆಯ ಟೊಳ್ಳು ಶಂಕುವಿನಂತೆ ಹೊಮ್ಮುವುದರಿಂದ ಅಷ್ಟು ಸರಿದರೂ ನಮಗೆ ತಲುಪುವುದು ಬದಲಾಗುತ್ತದೆ. ಜಾತ್ರೆಯ ಧ್ವನಿವರ್ಧಕದ ಬಾಯಿ ತುಸು ಅತ್ತ ತಿರುಗಿದರೆ ಹಾಡು ನಿಂತಿತೆಂದು ಹೇಳಲಾದೀತೇ? ಸೌರಕಲೆಗಳು ಹೆಚ್ಚಿದಾಗ ನಮ್ಮ ಅಯಾನುಗೋಳವೇ ದಟ್ಟವಾಗಿ ಈ ಕಡಿಮೆ ಆವರ್ತನಗಳಿಗೆ ಅಡ್ಡ ನಿಲ್ಲುತ್ತದೆಂಬುದೂ ಸೇರಿದರೆ ಹಳೆಯ ತೀರ್ಮಾನದಲ್ಲಿ ಉಳಿಯುವುದು ಸ್ವಲ್ಪವೇ.

ನನ್ನ ಮುಖ್ಯ ತಕರಾರು ಅಳತೆಗೋಲಿನ ಬಗ್ಗೆ. ಈ ಕ್ಷೇತ್ರ ಬಹುಕಾಲ ನೆಚ್ಚಿಕೊಂಡದ್ದು ‘ಎಷ್ಟು ಸಲ ಕೇಳಿಸಿತು’ ಎಂಬ ಎಣಿಕೆಯನ್ನು. ಆಂಟೆನಾ ಸೂಕ್ಷ್ಮವಾದಷ್ಟೂ ಎಣಿಕೆ ಏರುತ್ತದೆ. ಗ್ರಹದ ಗುಣವೂ ಉಪಕರಣದ ಗುಣವೂ ಒಂದೇ ಅಂಕಿಯಲ್ಲಿ ಕಲೆತುಹೋಗುತ್ತವೆ. 1964ರಲ್ಲಿ ವಿಜ್ಞಾನಿ ಬಿಗ್ ತೋರಿಸಿಕೊಟ್ಟಂತೆ ಗುರುವಿನ ಉಪಗ್ರಹ ಅಯೋ ಈ ಅಬ್ಬರದ ಮೇಲೆ ಬೀರುವ ಪ್ರಭಾವವನ್ನೂ ಬೇರೆ ಮಾಡದಿದ್ದರೆ ಎಲ್ಲವೂ ಕಲಸುಮೇಲೋಗರ. ಫ್ರಾನ್ಸಿನ ನಾನ್ಸೆಯಲ್ಲಿ 144 ಆಂಟೆನಾಗಳ ಒಂದೇ ವ್ಯೂಹ 1970ರ ದಶಕದ ಕೊನೆಯಿಂದ ದಿನನಿತ್ಯ ಗುರುವನ್ನು ಹಿಂಬಾಲಿಸುತ್ತಿದೆ. ಆ ದಾಖಲೆಯನ್ನು ನಾನು ಇತರ ಎಲ್ಲಕ್ಕಿಂತ ಮೇಲಿಡುತ್ತೇನೆ.

ಇನ್ನು ಗುರುವಿನ ವಿಕಿರಣ ಪಟ್ಟಿಯಿಂದ, ಅಂದರೆ ಅದರ ಕಾಂತಕ್ಷೇತ್ರದಲ್ಲಿ ಸಿಲುಕಿದ ವೇಗದ ಎಲೆಕ್ಟ್ರಾನ್‌ಗಳಿಂದ, ಬರುವ ಸಿಂಕ್ರೊಟ್ರಾನ್ ರೇಡಿಯೋ ಅಲೆಗಳು. ಇಲ್ಲಿ ಎಣಿಕೆಯ ಗೊಂದಲವಿಲ್ಲ, ತೀವ್ರತೆಯನ್ನೇ ಅಳೆಯುತ್ತಾರೆ. ಅಮೆರಿಕದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯವರು 1971ರಿಂದ 13 ಸೆಂ.ಮೀ. ತರಂಗಾಂತರದಲ್ಲಿ ಅಳೆದಿಟ್ಟ ಸಾಲಿನಲ್ಲಿ ವರ್ಷಗಟ್ಟಲೆ ಹಬ್ಬಿದ ಏರಿಳಿತ ಕಂಡಿತು. ಅದಕ್ಕೂ ಸೌರಮಾರುತದ ಒತ್ತಡಕ್ಕೂ ನಂಟಿರುವುದೂ ತಿಳಿಯಿತು. 1994ರ ಜುಲೈನಲ್ಲಿ ಶೂಮೇಕರ್-ಲೆವಿ ಧೂಮಕೇತುವಿನ ತುಂಡುಗಳು ಗುರುವಿಗೆ ಅಪ್ಪಳಿಸಿದಾಗ ಈ ಸದ್ದು ಕೆಲವೇ ದಿನಗಳಲ್ಲಿ ಏರಿತು. ಆ ಏರಿಕೆ ಮಾಮೂಲಿನದಲ್ಲ ಎಂದು ಧೈರ್ಯವಾಗಿ ಹೇಳಲು ಬೇಕಾದ 23 ವರ್ಷಗಳ ಅಳತೆ ಅಷ್ಟರಲ್ಲಿ ಸಿದ್ಧವಾಗಿತ್ತು.