ಕಟಕಟೆಯಲ್ಲಿ ನ್ಯಾಯಾಧೀಶರು: ಒಂದು ಚಲನಚಿತ್ರವನ್ನು ಕುರಿತು

ಸ್ಟ್ಯಾನ್ಲಿ ಕ್ರೇಮರ್ 1961ರಲ್ಲಿ ನಿರ್ದೇಶಿಸಿದ ‘ಜಡ್ಜ್‌ಮೆಂಟ್ ಅಟ್ ನ್ಯೂರೆಂಬರ್ಗ್’ ಚಿತ್ರವನ್ನು ಚರಿತ್ರೆಯ ವಿದ್ಯಾರ್ಥಿಗಳಾದ ನಾವು ಬರಿಯ ನಾಟಕವೆಂದು ನೋಡಲಾರೆವು. ಇದರಲ್ಲಿ ಕಟಕಟೆಯಲ್ಲಿ ಕುಳಿತವರು ಸೇನಾನಿಗಳಲ್ಲ. ಹಿಟ್ಲರನ ಆಳ್ವಿಕೆಯಲ್ಲಿ ನ್ಯಾಯದಾನದ ಹೊಣೆ ಹೊತ್ತಿದ್ದ ನಾಲ್ವರು. ಅಮೆರಿಕದ ನ್ಯಾಯಮಂಡಲಿಯೊಂದು 1947ರಲ್ಲಿ ನಡೆಸಿದ ವಿಚಾರಣೆಯೇ ಇದಕ್ಕೆ ಆಧಾರ. ಅಲ್ಲಿ ಆಪಾದಿತರು 16 ಮಂದಿ. ಅಪರಾಧಿಗಳೆಂದು ತೀರ್ಮಾನವಾದವರು 10 ಮಂದಿ.

ಬಹುಕಾಲ ಮೌನವಾಗಿದ್ದ ಯಾನಿಂಗನೆಂಬ ವಿದ್ವಾಂಸ ನ್ಯಾಯಾಧೀಶನು ತಾನಾಗಿ ಎದ್ದು ತಪ್ಪೊಪ್ಪಿಕೊಳ್ಳುವ ದೃಶ್ಯವೇ ಚಿತ್ರದ ಶಿಖರ. ಬರ್ಟ್ ಲ್ಯಾಂಕಾಸ್ಟರನ ಅಭಿನಯ ಮನಸ್ಸನ್ನು ಕಲಕುತ್ತದೆ, ನಿಜ. ನಮ್ಮ ಆಕ್ಷೇಪಣೆ ಇರುವುದೂ ಅಲ್ಲಿಯೇ. ಈ ಪಾತ್ರಕ್ಕೆ ಸಮೀಪನಾದ ಶ್ಲೇಗೆಲ್‌ಬೆರ್ಗರನು ಹಾಗೆ ಒಪ್ಪಿಕೊಂಡವನಲ್ಲ. ತಾನು ಹುದ್ದೆ ಬಿಟ್ಟಿದ್ದರೆ ತನಗಿಂತ ಕೆಟ್ಟವನು ಬರುತ್ತಿದ್ದನೆಂಬುದು ಅವನ ವಾದ. ಯಾವ ಕಚೇರಿಯಲ್ಲಾದರೂ ಕೇಳಿಬರಬಹುದಾದ ಈ ಮಾತು ನಮಗೆ ಯಾನಿಂಗನ ಪಶ್ಚಾತ್ತಾಪಕ್ಕಿಂತ ಹೆಚ್ಚು ಭಯಂಕರವಾಗಿ ಕಾಣುತ್ತದೆ.

ಚಿತ್ರದಲ್ಲಿ ಫೆಲ್ಡೆನ್‌ಸ್ಟೈನ್ ಎಂಬ ಹೆಸರಿನಿಂದ ಬರುವ ಮೊಕದ್ದಮೆಯ ಮೂಲ ನ್ಯೂರೆಂಬರ್ಗಿನ ಯೆಹೂದಿ ವರ್ತಕ ಕಾಟ್ಸೆನ್‌ಬೆರ್ಗರನದು. ಜರ್ಮನ್ ಯುವತಿಯೊಬ್ಬಳೊಡನೆ ಸಂಬಂಧವಿತ್ತೆಂದು ಅವನ ಮೇಲೆ ಆರೋಪ, ಇಬ್ಬರೂ ಅಲ್ಲಗಳೆದರು. 1935ರ ವಂಶಶುದ್ಧಿಯ ಶಾಸನದಲ್ಲಿ ಇದಕ್ಕೆ ಮರಣದಂಡನೆಯಿರಲಿಲ್ಲ. ನ್ಯಾಯಾಧೀಶ ರೋಟೌಗನು ಆ ಶಾಸನಕ್ಕೆ, ಯುದ್ಧಕಾಲದ ಕತ್ತಲೆಯ ದುರುಪಯೋಗವನ್ನು ದಂಡಿಸುವ 1939ರ ಆಜ್ಞೆಯನ್ನು ಹೆಣೆದು, ಮುದುಕನನ್ನು ಕೊಲ್ಲುವ ದಾರಿ ಮಾಡಿಕೊಂಡನು. 1942ರ ಜೂನಿನಲ್ಲಿ ಶಿರಚ್ಛೇದವಾಯಿತು. ಎರಡು ಕಾಗದಗಳನ್ನು ಕೂಡಿಸಿದ ಈ ಕೈಚಳಕದಲ್ಲಿಯೇ ಅಪರಾಧದ ಬೇರು ಇದೆಯೆಂದು ನಮ್ಮ ಅಭಿಪ್ರಾಯ. ಚಿತ್ರವು ಇಲ್ಲಿ ಸಾಕಷ್ಟು ಹೊತ್ತು ನಿಲ್ಲುವುದಿಲ್ಲ; ಸಾಕ್ಷಿಯ ಕಣ್ಣೀರಿನ ಕಡೆಗೆ ಬೇಗ ತಿರುಗುತ್ತದೆ. ಸೆರೆಶಿಬಿರಗಳ ನೈಜ ಚಿತ್ರಗಳನ್ನು ತೋರಿಸಿದಾಗಲೂ ಪ್ರೇಕ್ಷಕನು ಕಡತವನ್ನು ಮರೆತು ಹೆಣಗಳ ರಾಶಿಯನ್ನೇ ನೋಡುತ್ತಾನೆ.

ಆದರೆ ಪ್ರತಿವಾದಿಗಳ ವಕೀಲನಾದ ರೋಲ್ಫನಿಗೆ (ಮ್ಯಾಕ್ಸಿಮಿಲಿಯನ್ ಶೆಲ್) ಬಲವಾದ ಮಾತುಗಳನ್ನೇ ಕೊಟ್ಟಿರುವುದು ಕಥೆಗಾರ ಅಬಿ ಮ್ಯಾನನ ಪ್ರಾಮಾಣಿಕತೆ. ಬಲವಂತದ ಸಂತಾನಹರಣಕ್ಕೆ ಅಮೆರಿಕದ ಸರ್ವೋಚ್ಚ ನ್ಯಾಯಾಲಯವೇ 1927ರಲ್ಲಿ ಒಪ್ಪಿಗೆ ಕೊಟ್ಟಿತ್ತೆಂದು ಅವನು ನೆನಪಿಸಿದಾಗ, ತೀರ್ಪು ಕೊಡುವ ಪೀಠವೂ ಅಲುಗಾಡುತ್ತದೆ.

ನಾಲ್ವರಿಗೂ ಆಜೀವ ಸೆರೆಯೆಂದು ಚಿತ್ರದ ತೀರ್ಪು. ನಿಜವಾದ ವಿಚಾರಣೆಯಲ್ಲಿಯೂ ಆ ಶಿಕ್ಷೆ ನಾಲ್ವರಿಗೇ ಆಗಿತ್ತು. ಶ್ಲೇಗೆಲ್‌ಬೆರ್ಗರನು ಅನಾರೋಗ್ಯದ ಕಾರಣದಿಂದ ಕೆಲವೇ ವರ್ಷಗಳಲ್ಲಿ ಬಿಡುಗಡೆಯಾದನು. ರೋಟೌಗನು 1956ರಲ್ಲಿ ಹೊರಬಂದನು.