ಹೊಸ ಗಾಡಿಗೆ ಹಳೆಯ ವೇಷ

ಬೆನೆಲಿ ಇಂಪೀರಿಯಾಲೆ 400 ಬೈಕನ್ನು ಒಂದು ಕೃತಿಯಂತೆ ಓದಿದರೆ ಮೊದಲು ಕಾಣುವುದು ಅನುಕರಣೆ. ಕಡ್ಡಿಚಕ್ರ, ದುಂಡು ಹೆಡ್‌ಲೈಟು, ಕ್ರೋಮು, ಟ್ಯಾಂಕಿನ ಇಕ್ಕೆಲದ ರಬ್ಬರು ಎಲ್ಲವೂ 1950ರ ದಶಕವನ್ನು ನೆನಪಿಸುತ್ತವೆ. ಒಳಗಿರುವುದು ಫ್ಯುಯೆಲ್ ಇಂಜೆಕ್ಷನ್, ಎಬಿಎಸ್. ಇಟಲಿಯ ಪೆಸಾರೊದಲ್ಲಿ 1911ರಲ್ಲಿ ಹುಟ್ಟಿದ ಕಂಪನಿಗೆ 2005ರಿಂದ ಚೀನಾದ ಒಡೆತನ. ಈ ಮಾದರಿ ಭಾರತಕ್ಕೆ ಬಂದದ್ದು 2019ರಲ್ಲಿ. ಹಾಗಾದರೆ ಇದರಲ್ಲಿ ಇಟಲಿ ಎಷ್ಟು, ‘ಕ್ಲಾಸಿಕ್’ ಎಷ್ಟು?

ಫೆಲೋಶಿಪ್ಪಿನ ಹಣದಲ್ಲಿ ಕಂತು ಕಟ್ಟುತ್ತಾ ಪ್ರತಿ ಶನಿವಾರ ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರಕ್ಕೆ ಹೋಗುತ್ತೇನೆ. 374 ಸಿಸಿಯ ಒಂಟಿ ಸಿಲಿಂಡರು ಅವಸರ ಮಾಡುವುದಿಲ್ಲ. ಅದೇ ಅದರ ಹಿತ. ಮೊದಲ ಸಲ ನೋಡಿದಾಗ ಅಪ್ಪ ಕೇಳಿದರು:

“ಹಳೀ ಗಾಡಿ ಯಾಕ ತಂದಿಯೋ ತಮ್ಮಾ?”

“ಹೊಸಾದ ಅದ ಅಪ್ಪಾ.”

“ಹೊಸಾದಕ್ಕ ಹಳೀ ವೇಷ ಯಾಕ ಬೇಕು?”

ಇದಕ್ಕಿಂತ ಚೊಕ್ಕ ವಿಮರ್ಶೆಯನ್ನು ನಾನು ಓದಿಲ್ಲ. ನನ್ನ ಎಂ.ಎ. ಫೀಸಿಗಾಗಿ ಅಪ್ಪ ಮಾರಿದ್ದು ಮೈಸೂರಿನ ಕಾರ್ಖಾನೆಯಲ್ಲಿ ತಯಾರಾದ ಯೆಜ್ಡಿ. ಅವರಿಗೆ ಅದು ಕ್ಲಾಸಿಕ್ ಆಗಿರಲಿಲ್ಲ, ಬಾಳೆಗೊನೆ ಹೊರುವ ಗಾಡಿಯಾಗಿತ್ತು. ನಮ್ಮೂರ ಕೆಂಬಾಳೆಗೆ ಭೌಗೋಳಿಕ ಸೂಚಿಕೆ ಇದೆ. ಆ ಹೆಸರು ಬೇಕೆಂದರೆ ಆ ಮಣ್ಣೇ ಬೇಕು. ಗಾಡಿಯ ಹೆಸರಿಗೆ ಅಂಥ ಕಟ್ಟಳೆಯಿಲ್ಲ. ಕಾಲದ ಪರೀಕ್ಷೆ ದಾಟಿದ ಕೃತಿಗಷ್ಟೇ ನಾವು ಕ್ಲಾಸಿಕ್ ಎನ್ನುತ್ತೇವೆ. ಶೋರೂಮಿನಲ್ಲಿ ಅದು ಬಣ್ಣದ ಜೊತೆಗೇ ಸಿಗುತ್ತದೆ.

ಯೆಜ್ಡಿಯ ಋಣ ತೀರಿತೆಂದು ನಾನೂ ನಂಬಿದ್ದೆ. ತೀರಿಲ್ಲ. ಈಗ ಅಪ್ಪ ಹಿಂದೆ ಕೂತು ತೋಟಕ್ಕೆ ಬರುತ್ತಾರೆ, ಬರುವಾಗ ಒಂದು ಗೊನೆ ಟ್ಯಾಂಕಿನ ಮೇಲೆ. ಕ್ರೋಮಿನ ಮೇಲೆ ಬಾಳೆಯ ಕಲೆ ಕೂತಿದೆ. ನಾನು ಒರೆಸಿಲ್ಲ.