ಪಟ್ಟಿ ಕೂಡಿಸಿದ ಕೌದಿ

ಗೋಪಾಳದ ನಮ್ಮ ಮನೆಯಲ್ಲಿ ಹೊಲಿಗೆ ಮಿಷನ್ನಿನ ಕೆಳಗೊಂದು ಚೀಲವಿತ್ತು. ರವಿಕೆ ಕತ್ತರಿಸಿ ಉಳಿದದ್ದು, ಲಂಗದ ತುಂಡು, ಅಂಚು ಹರಿದ ಹತ್ತಿ ಸೀರೆ. ಈ ಮಳೆಗಾಲದಲ್ಲಿ ಅದೆಲ್ಲ ಕೌದಿಯಾಯಿತು.

ಉಪಾಯ ಸರಳ. ಬಟ್ಟೆಯನ್ನು 2.5 ಇಂಚಿನ ಪಟ್ಟಿಗಳಾಗಿ ಸೀಳಿ, ತುದಿಗೆ ತುದಿ ಸೇರಿಸಿ 1600 ಇಂಚಿನ ಒಂದೇ ಪಟ್ಟಿ ಮಾಡುವುದು. ಅದನ್ನು ನಡುವೆ ಮಡಚಿ ಉದ್ದಕ್ಕೂ ಹೊಲಿದರೆ ಎರಡು ಸಾಲು. ತುದಿಯ ಮಡಿಕೆ ಕತ್ತರಿಸಿ ಮತ್ತೆ ಮಡಚಿ ಹೊಲಿದರೆ ನಾಲ್ಕು. ಐದನೇ ಸಲಕ್ಕೆ 32 ಸಾಲು, 50 ಇಂಚು ಉದ್ದ. ಪ್ರತಿ ಪಟ್ಟಿಯಲ್ಲೂ ಅರ್ಧ ಇಂಚು ಹೊಲಿಗೆಗೆ ಹೋಗಿ ಅಗಲ ಸುಮಾರು 64 ಇಂಚು. ಯಾವ ಬಣ್ಣದ ಪಕ್ಕ ಯಾವುದು ಬಂದು ಕೂರುತ್ತದೋ ಹೊಲಿಯುವವರಿಗೂ ಗೊತ್ತಿರುವುದಿಲ್ಲ. ನನಗೆ ಹಿಡಿಸಿದ್ದೇ ಅದು. ಪಾಲಿಯೆಸ್ಟರ್ ಮಾತ್ರ ಬೇಡ, ಹತ್ತಿಯ ಜೊತೆ ಅದಕ್ಕೆ ಹೊಂದಾಣಿಕೆಯಿಲ್ಲ.

ಉತ್ತರ ಕರ್ನಾಟಕದ ಕೌದಿಗೆ ಇಷ್ಟು ಆತುರವಿಲ್ಲ. ಹಳೆ ಸೀರೆಗಳ ಪದರ, ಮೇಲೆ ತೇಪೆ, ಕೈಸೂಜಿಯ ಸಣ್ಣ ಸಣ್ಣ ಹೊಲಿಗೆ. ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರಂತೂ ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ಮಡಚಿದ ಬಟ್ಟೆಯ ‘ಫೂಲ’ ಇಡದಿದ್ದರೆ ಅವರ ಲೆಕ್ಕದಲ್ಲಿ ಕೌದಿ ಬೆತ್ತಲೆ. ಮಿಷನ್ನಿನದ್ದು ಅದರ ಮುಂದೆ ಸಪ್ಪೆ, ಒಪ್ಪಿದೆ. ಅದಕ್ಕೇ ಅಡಿಗೆ ಹಳೆಯ ವಾಯಿಲ್ ಸೀರೆ ಮಡಚಿ ಹಾಸಿ, ಪದರ ಸೇರಿಸುವ ಹೊಲಿಗೆಯನ್ನು ಕೈಯಲ್ಲೇ ಹಾಕಿದೆ. ಸಾಲುಗಳು ಸೊಟ್ಟಗಿವೆ. ಒಗೆದು ತಾರಸಿಯಲ್ಲಿ ಹರವಿದ್ದೇ ತಡ, ತುಂಗೆಯ ಕಡೆಯಿಂದ ಮೋಡ ಕವಿಯಿತು.